ಕಂಡುಬಂದಿಲ್ಲ

‘ಕಂಡುಬಂದಿಲ್ಲ’ ಅನ್ನುವ ಪದ ಕಣ್ಣಿಗೆ ಬಿದ್ದರೆ ನನಗೆ ಈಗಲೂ ಅಂಗಾಲಿನಿಂದ ನೆತ್ತಿಯವರೆಗೆ ಉರಿಯುತ್ತದೆ. ಎಂಥ ಸಭ್ಯ ಪದ ನೋಡಿ. ಸುಳ್ಳೂ ಅಲ್ಲ, ನಿಜವೂ ಅಲ್ಲ. ಬರೆದವರ ಮೇಲೆ ಬೊಟ್ಟು ಮಾಡುವ ಹಾಗಿಲ್ಲ, ನಂಬಿದವರು ಮಾತ್ರ ಹಾಳಾಗಿ ಹೋಗಬೇಕು. ಈ ಪದವನ್ನು ಮೊದಲು ವರದಿಯಲ್ಲಿ ಬರೆದ ಪುಣ್ಯಾತ್ಮನ ನಾಲಿಗೆಯ ಮೇಲೆ ಒಂದು ಹುಣ್ಣಾಗಲಿ ಎಂದು ಶಾಪ ಹಾಕಬೇಕೆನಿಸುತ್ತದೆ. ಹಾಕುವುದಿಲ್ಲ. ಹುಣ್ಣು ಅಂದರೆ ಏನು ಅಂತ ನನಗೆ ಗೊತ್ತು.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಮಾಂಸ ಕೊಯ್ಯುವವಳು. ಹೀಗೆ ಹೇಳಿದರೆ ಎದುರಿಗಿದ್ದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ, ಸರಿಯಲಿ. ರೋಗಿಯ ಮೈಯಿಂದ ತೆಗೆದ ಚೂರು ನಮ್ಮಲ್ಲಿಗೆ ಬರುತ್ತದೆ. ಅದನ್ನು ಕರಗಿಸಿದ ಮೇಣದಲ್ಲಿ ಕೂರಿಸುತ್ತಾರೆ. ಮೇಣ ಗಟ್ಟಿಯಾಗಿ ಅಚ್ಚಾದ ಮೇಲೆ ನಾನು ಅದನ್ನು ಯಂತ್ರದ ಅಲಗಿಗೆ ಕೊಟ್ಟು, ಒಂದು ಕೂದಲನ್ನು ಉದ್ದಕ್ಕೆ ಹದಿನೈದು ಸೀಳು ಮಾಡಿದರೆ ಎಷ್ಟೋ ಅಷ್ಟು ತೆಳ್ಳಗೆ ಕೊಯ್ದು, ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಗಾಜಿನ ಪಟ್ಟಿಯ ಮೇಲೆ ಎತ್ತಿಕೊಳ್ಳುತ್ತೇನೆ. ಬಣ್ಣ ಹಾಕಿ ಡಾಕ್ಟರ ಮೇಜಿಗೆ ಕಳಿಸುತ್ತೇವೆ. ಅವರು ಸೂಕ್ಷ್ಮದರ್ಶಕದಲ್ಲಿ ನೋಡಿ ವರದಿ ಬರೆಯುತ್ತಾರೆ. ಇಪ್ಪತ್ತಾರು ವರ್ಷಗಳಿಂದ ಇದೇ ಕೆಲಸ. ಲ್ಯಾಬಿನಲ್ಲಿ ನನ್ನನ್ನು ಹಿಂದಿನಿಂದ ‘ಮೆಣಸಿನಕಾಯಿ’ ಅನ್ನುತ್ತಾರೆ, ಮುಂದಿನಿಂದ ‘ಮೇಡಂ’ ಅನ್ನುತ್ತಾರೆ. ಎರಡೂ ನನಗೆ ಕೇಳಿಸುತ್ತದೆ.

ಮೇಣದಲ್ಲಿ ಕೂರಿಸುವವರಲ್ಲಿ ಹಿರಿಯರು ಮೇಣದಣ್ಣ. ಮೂವತ್ನಾಲ್ಕು ವರ್ಷ ಮೇಣದ ಮುಂದೆಯೇ ಕೂತವರು, ಇದು ನಡೆದಾಗ ನಿವೃತ್ತಿಗೆ ಏಳು ತಿಂಗಳಿತ್ತು. ನಾನು ಕೆಲಸಕ್ಕೆ ಸೇರಿದಾಗ ಅಲಗು ಹಿಡಿಯುವುದನ್ನು ಕಲಿಸಿದವರೇ ಅವರು. ಅವರು ಹೇಳಿಕೊಟ್ಟ ಮೊದಲ ಪಾಠ: ಬಾಯೊಳಗಿನ ಚೂರು ಬಂದರೆ ಅದನ್ನು ಮಲಗಿಸಬಾರದು, ನಿಲ್ಲಿಸಬೇಕು. ಮಲಗಿಸಿ ಕೊಯ್ದರೆ ಬರೀ ಮೇಲಿನ ಸಿಪ್ಪೆ ಬರುತ್ತದೆ. ನಿಲ್ಲಿಸಿ ಕೊಯ್ದರೆ ಮೇಲಿನಿಂದ ತಳದವರೆಗಿನ ಎಲ್ಲ ಪದರವೂ ಒಂದೇ ಹೋಳಿನಲ್ಲಿ ಕಾಣುತ್ತದೆ. ಗೋಡೆಯನ್ನು ಎದುರಿನಿಂದ ನೋಡಿದರೆ ಸುಣ್ಣ ಕಾಣುತ್ತದೆ. ಒಳಗೆ ಗೆದ್ದಲು ಎಷ್ಟು ತಿಂದಿದೆ ಅಂತ ತಿಳಿಯಬೇಕಾದರೆ ಒಡೆದ ಅಂಚನ್ನೇ ನೋಡಬೇಕು.

ಈಗ ನನ್ನ ಅಕ್ಕನ ವಿಷಯಕ್ಕೆ ಬರುತ್ತೇನೆ. ನನಗಿಂತ ಐದು ವರ್ಷ ದೊಡ್ಡವಳು. ಕೋರ್ಟಿನಲ್ಲಿ ಬಾಗಿಲ ಬಳಿ ನಿಂತು ವಾದಿ ಪ್ರತಿವಾದಿಗಳ ಹೆಸರನ್ನು ಮೂರು ಸಲ ಕೂಗುವುದು ಅವಳ ಕೆಲಸ. ಮೈಕಿಲ್ಲ, ಗಂಟೆಯಿಲ್ಲ, ಬರೀ ಗಂಟಲು. ಅವಳು ಕೂಗಿದರೆ ಎದುರು ರಸ್ತೆಯ ಕಾಫಿ ಅಂಗಡಿಯಲ್ಲಿ ಕೂತ ವಕೀಲರು ಲೋಟ ಇಟ್ಟು ಓಡಿ ಬರುತ್ತಾರೆ. ‘ನಾನು ಹೆಸರು ಕೂಗದೆ ಯಾವ ಜಡ್ಜೂ ಬಾಯಿ ಬಿಡೋ ಹಾಗಿಲ್ಲ’ ಎಂದು ಅವಳ ಜಂಬ. ಬಸ್ ಓಡಿಸುವ ಭಾವ ಬಲು ಮೌನಿ. ‘ನಮ್ಮನೇಲಿ ಹಾರ್ನ್ ಒಂದೇ ಸಾಕು’ ಅನ್ನುವುದು ಅವರು ಜೀವಮಾನದಲ್ಲಿ ಮಾಡಿದ ಒಂದೇ ಹಾಸ್ಯ, ಅದನ್ನೇ ಮೂವತ್ತು ವರ್ಷದಿಂದ ಹೇಳುತ್ತಿದ್ದಾರೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ. ನಾಲಿಗೆಯ ಪಕ್ಕದ ಹುಣ್ಣಿಗೆ ಬೇಕು. ಅಕ್ಕ ಕನ್ನಡಿಯಲ್ಲಿ ನೋಡಿದಾಗ ಎಡಪಕ್ಕದಲ್ಲಿ ಅಕ್ಕಿಕಾಳಿನಷ್ಟು ಬಿಳಿ ಮಚ್ಚೆ, ನಡುವೆ ಸ್ವಲ್ಪ ಕೆಂಪು. ಹಲ್ಲಿನ ಡಾಕ್ಟರ ಹತ್ತಿರ ಹೋದಳು. ಅವರು ಕೇಳಿದ ಮೊದಲ ಪ್ರಶ್ನೆ, ‘ತಂಬಾಕು ಹಾಕ್ತೀರಾ?’ ಇಲ್ಲ. ‘ಸಿಗರೇಟು? ಕುಡಿಯೋದು?’ ಇಲ್ಲ. ‘ಹಾಗಾದ್ರೆ ಹೆದರ್ಬೇಡಿ, ಹಲ್ಲು ತಾಗ್ತಿದೆ’ ಎಂದು ಹಲ್ಲನ್ನು ಉಜ್ಜಿ ಕಳಿಸಿದರು. ಹುಣ್ಣು ಹೋಗಲಿಲ್ಲ. ಮತ್ತೆ ಉಜ್ಜಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ! ತಂಬಾಕು ಹಾಕುವವರಿಗೆ ಬಾಯಿ ಕ್ಯಾನ್ಸರ್ ಹೆಚ್ಚು ಬರುತ್ತದೆ, ಸರಿ. ಹಾಕದವರ ಜೀವಕೋಶಗಳೇನು ಪ್ರಮಾಣ ಮಾಡಿ ಕೂತಿವೆಯೇ? ಎರಡು ಮೂರು ವಾರಕ್ಕೆ ವಾಸಿಯಾಗದ ಬಾಯಿಹುಣ್ಣಿನಿಂದ ಚೂರು ತೆಗೆದು ನೋಡಬೇಕೆಂದು ನಮ್ಮ ಲ್ಯಾಬಿನ ಗುಡಿಸುವವಳಿಗೂ ಗೊತ್ತು. ನಾಲ್ಕು ತಿಂಗಳು ಹೋಯಿತು. ಹಿತ್ತಲ ಗಿಡ ಮದ್ದಲ್ಲ ನೋಡಿ, ಇಡೀ ದಿನ ಇದೇ ಕೆಲಸ ಮಾಡುವ ತಂಗಿಗೆ ಅವಳು ಹೇಳಿದ್ದು ಕೊನೆಗೆ.

ಮಾರನೆಯ ದಿನವೇ ನಮ್ಮ ಆಸ್ಪತ್ರೆಯ ಸರ್ಜನ್ ಹತ್ತಿರ ಎಳೆದುಕೊಂಡು ಹೋದೆ. ಅವರು ಚೂರು ತೆಗೆದು ನಮ್ಮ ಲ್ಯಾಬಿಗೇ ಕಳಿಸಿದರು. ಲ್ಯಾಬಿನಲ್ಲಿ ಒಂದು ನಿಯಮವಿದೆ: ನಮ್ಮ ನೆಂಟರ ಚೂರನ್ನು ನಾವು ಮುಟ್ಟಬಾರದು. ಒಳ್ಳೆಯ ನಿಯಮವೇ. ಆ ದಿನ ಲ್ಯಾಬಿನ ಮುಖ್ಯಸ್ಥರಾದ ಡಾಕ್ಟರು ನನ್ನನ್ನು ಕರೆದು, ‘ನೀವು ಇದರಿಂದ ದೂರ ಇರಿ’ ಅಂದರು. ಕೊಯ್ಯುವ ಕೆಲಸವನ್ನು ನನ್ನ ರಜೆಯಲ್ಲಿ ಕೊಯ್ಯುವ ಇನ್ನೊಬ್ಬಳಿಗೆ ಕೊಟ್ಟರು. ನಾನು ದೂರ ಇದ್ದೆ.

ಐದನೇ ದಿನ ವರದಿ ಬಂತು. ‘ಕೋಶಗಳಲ್ಲಿ ಅಸಹಜ ಬದಲಾವಣೆ ಇದೆ. ಪರೀಕ್ಷಿಸಿದ ಹೋಳಿನಲ್ಲಿ ತಳದ ಪೊರೆ ದಾಟಿರುವುದು ಕಂಡುಬಂದಿಲ್ಲ.’ ಮೇಲ್ಪದರಕ್ಕೂ ಕೆಳಗಿನ ಮಾಂಸಕ್ಕೂ ನಡುವಿನ ಆ ಪೊರೆ ದಾಟಿದರೇ ಕ್ಯಾನ್ಸರ್. ಸರ್ಜನ್ ಅದನ್ನು ‘ದಾಟಿಲ್ಲ’ ಎಂದು ಓದಿದರು. ಅಕ್ಕ ‘ಏನೂ ಇಲ್ಲ’ ಎಂದು ಓದಿದಳು. ನಾನು, ಇಪ್ಪತ್ತಾರು ವರ್ಷ ಇದೇ ಗಾಳಿ ಕುಡಿದ ಮಹಾಬುದ್ಧಿವಂತೆ, ನಾನೂ ಹಾಗೇ ಓದಿ ಲ್ಯಾಬಿನವರಿಗೆಲ್ಲ ಸಿಹಿ ಹಂಚಿದೆ. ಆರು ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದರು.

ಆರು ವಾರದ ಮೇಲೆ ಏನೋ ಕೆಲಸಕ್ಕೆ ಕೋರ್ಟಿನ ಕಡೆ ಹೋದೆ. ಅಕ್ಕ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು. ಒಂದು ಹೆಸರಿನ ನಡುವಿನ ಅಕ್ಷರ ಅವಳ ಬಾಯಲ್ಲಿ ತೊದಲಿತು. ಎರಡನೇ ಸಲವೂ ತೊದಲಿತು. ಕರಿಕೋಟಿನ ಯಾರೋ ಒಬ್ಬ ನಕ್ಕ. ಅಕ್ಕ ಮೂರನೇ ಸಲ ಕೂಗಲಿಲ್ಲ, ಎಡಗಿವಿಯನ್ನು ಅಂಗೈಯಲ್ಲಿ ಒತ್ತಿಕೊಂಡು ಗೋಡೆಗೆ ಒರಗಿದಳು.

‘ಕಿವಿಗೇನಾಯ್ತೇ?’ ಅಂದೆ.

‘ನೋವು ಕಣೇ, ಹದಿನೈದು ದಿನ ಆಯ್ತು. ಡ್ರಾಪ್ಸ್ ಹಾಕ್ತಿದ್ದೀನಿ. ಕೂಗಿ ಕೂಗಿ ಹೀಗಾಗಿದೆ ಅಂತಾರೆ ನಿಮ್ಮ ಭಾವ.’

ನಾಲಿಗೆಯ ನೋವು ಕಿವಿಯಲ್ಲಿ ಕೇಳಿಸುವುದು ಯಾವಾಗ ಅಂತ ನನಗೆ ಗೊತ್ತು. ಅವಳಿಗೆ ಏನೂ ಹೇಳದೆ ಸೀದಾ ಲ್ಯಾಬಿಗೆ ಬಂದೆ. ಎಲ್ಲರೂ ಊಟಕ್ಕೆ ಎದ್ದು ಹೋಗಿದ್ದರು. ನಿಯಮ ಬೆಂಕಿಗೆ ಬೀಳಲಿ ಎಂದು ಅಕ್ಕನ ಗಾಜಿನ ಪಟ್ಟಿಯನ್ನು ಕಪಾಟಿನಿಂದ ತೆಗೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ.

ಬರೀ ಸಿಪ್ಪೆ. ಆ ಅಂಚಿನಿಂದ ಈ ಅಂಚಿನವರೆಗೆ ಮೇಲ್ಪದರದ ಕೋಶಗಳು ಚಾಪೆ ಹಾಸಿದ ಹಾಗೆ ಹರಡಿಕೊಂಡಿದ್ದವು. ತಳದ ಪೊರೆಯೇ ಇಲ್ಲ, ಕೆಳಗಿನ ಮಾಂಸಖಂಡವೇ ಇಲ್ಲ. ಪೊರೆಯೇ ಇಲ್ಲದ ಹೋಳಿನಲ್ಲಿ ಪೊರೆ ದಾಟಿದ್ದು ಎಲ್ಲಿಂದ ಕಂಡುಬರಬೇಕು? ಅಕ್ಕನ ಚೂರನ್ನು ಮಲಗಿಸಿದ್ದರು.

ಡಾಕ್ಟರು ಊಟ ಮುಗಿಸಿ ಬರುವವರೆಗೆ ಅವರ ಬಾಗಿಲಲ್ಲೇ ನಿಂತಿದ್ದೆ. ಅವರು ಪಟ್ಟಿಯನ್ನು ನೋಡಿದರು, ವರದಿಯನ್ನು ನೋಡಿದರು, ಕನ್ನಡಕ ಒರೆಸಿಕೊಂಡರು.

‘ವರದಿ ತಪ್ಪಿಲ್ಲವಲ್ಲ,’ ಅಂದರು. ‘ಪರೀಕ್ಷಿಸಿದ ಹೋಳಿನಲ್ಲಿ ಕಂಡುಬಂದಿಲ್ಲ ಅಂತ ತಾನೇ ಬರೆದಿರೋದು? ಕಂಡುಬಂದಿಲ್ಲ.’

‘ಕಣ್ಣು ಮುಚ್ಚಿಕೊಂಡು ನೋಡಿದ್ರೂ ಕಂಡುಬರಲ್ಲ ಸಾರ್! ಹೋಳು ಸಾಲದು, ಚೂರನ್ನ ತಿರುಗಿಸಿ ಮತ್ತೆ ಕೊಯ್ಯಿರಿ ಅಂತ ಬರೀಬೇಕಾಗಿತ್ತು.’

‘ದಿನಕ್ಕೆ ತೊಂಬತ್ತು ಪಟ್ಟಿ ನೋಡ್ತೀನಮ್ಮ.’

‘ನನ್ನ ಅಕ್ಕನಿಗೆ ಇರೋದು ಒಂದೇ ನಾಲಿಗೆ.’

ಅವರು ಪಟ್ಟಿಯನ್ನು ನನ್ನ ಕಡೆ ಸರಿಸಿದರು. ಆಮೇಲೆ, ‘ಅಚ್ಚಿನಲ್ಲಿ ಚೂರು ಉಳಿದಿದೆಯಾ? ಮತ್ತೆ ಕೊಯ್ಯಿರಿ. ನೀವೇ ಕೊಯ್ಯಿರಿ’ ಅಂದರು. ‘ಮಲಗಿಸಿದ್ದು ಯಾರು?’ ಎಂದೂ ಕೇಳಿದರು. ನಾನು ಕೇಳಿಸದವಳ ಹಾಗೆ ಹೊರಗೆ ಬಂದೆ.

ಅದೃಷ್ಟಕ್ಕೆ ಮೇಲಿನ ಸಿಪ್ಪೆಯನ್ನು ಮಾತ್ರ ಕೊಯ್ದಿದ್ದರು, ಉಳಿದದ್ದು ಮೇಣದಲ್ಲೇ ಇತ್ತು. ಮೇಣ ಕರಗಿಸಿ ಚೂರನ್ನು ಚಿಮಟದಲ್ಲಿ ಎತ್ತಿದೆ. ಅಕ್ಕಿಕಾಳಿನಷ್ಟು. ಕೈ ನಡುಗಿದರೆ ಮುಗಿಯಿತು, ಅಲಗು ಒಂದು ಸಲ ಹೆಚ್ಚು ತಿಂದರೆ ಮುಗಿಯಿತು. ಅಂಚು ಕೆಳಗೆ ಬರುವ ಹಾಗೆ ನಿಲ್ಲಿಸಿದೆ, ತಣಿಸಿದೆ, ಕೊಯ್ದೆ. ಬಣ್ಣ ಹಾಕಿದ ಪಟ್ಟಿಯನ್ನು ಬೆಳಕಿಗೆ ಹಿಡಿದಾಗಲೇ ಬರಿಗಣ್ಣಿಗೆ ಗೊತ್ತಾಯಿತು. ಮೇಲೆ ಇರಬೇಕಾದ ನೀಲಿ ಕೆಳಗೆಲ್ಲ ಹರಡಿತ್ತು.

ಡಾಕ್ಟರು ಹೊಸ ವರದಿಯನ್ನು ತಾವೇ ಟೈಪ್ ಮಾಡಿದರು, ಸರ್ಜನ್‌ಗೆ ತಾವೇ ಫೋನ್ ಮಾಡಿದರು. ‘ಹೀಗೆ ಮಲಗಿಸಿದ್ದು ಇನ್ನೂ ಇವೆಯಾ?’ ಎಂದು ಕೇಳಿದರು.

‘ಗೊತ್ತಿಲ್ಲ ಸಾರ್,’ ಅಂದೆ.

ಗೊತ್ತಿತ್ತು.

ಅಕ್ಕನಿಗೆ ವಿಷಯ ಹೇಳಿದ ದಿನ ಅವಳು ಅಳಲಿಲ್ಲ. ‘ತೋರಿಸು’ ಅಂದಳು. ‘ಅದು ಹೇಗಿದೆ ಅಂತ ನಾನು ನೋಡ್ಬೇಕು. ನನ್ನ ಮನೇಲಿ ಸೇರ್ಕೊಂಡಿರೋರ ಮುಖ ನಾನು ನೋಡ್ಬಾರ್ದಾ?’ ಮಧ್ಯಾಹ್ನ ಲ್ಯಾಬು ಖಾಲಿ ಇರುವಾಗ ಕರೆದುಕೊಂಡು ಹೋದೆ. ಇಬ್ಬರು ಒಟ್ಟಿಗೆ ನೋಡುವ ಸೂಕ್ಷ್ಮದರ್ಶಕವೊಂದಿದೆ. ಆ ಕಡೆ ಅವಳು, ಈ ಕಡೆ ನಾನು.

‘ಈ ತುದೀಲಿ ಇನ್ನೂ ಕೆಡದೆ ಇರೋ ಚರ್ಮ ಸ್ವಲ್ಪ ಇದೆ ನೋಡು,’ ಅಂದೆ. ‘ಅಡೀಲಿ ಒಂದು ಸಾಲು ನೀಲಿ ಕೋಶ. ಒಂದು ಒಡೆದು ಎರಡಾಗೋ ಹಕ್ಕು ಆ ಅಡಿಯವಕ್ಕೆ ಮಾತ್ರ. ಹುಟ್ಟಿದ್ದು ನಿಧಾನಕ್ಕೆ ಮೇಲೆ ಹತ್ತುತ್ತೆ, ಹತ್ತುತ್ತಾ ಚಪ್ಪಟೆ ಆಗುತ್ತೆ, ಮೇಲೆ ಬಂದು ಉದುರಿ ಹೋಗುತ್ತೆ. ಒಂದೆರಡು ವಾರ ಅಷ್ಟೇ ಆಯಸ್ಸು. ನೀನು ನುಂಗೋ ಎಂಜಲಲ್ಲಿ ದಿನಾ ಸಾವಿರಾರು ಹೋಗ್ತವೆ.’

‘ಮರ್ಯಾದಸ್ಥರು. ಆಮೇಲೆ?’

‘ಕೋಶ ಎರಡಾಗೋವಾಗ ಒಳಗಿರೋ ಬರಹವನ್ನ ನಕಲು ಮಾಡ್ಬೇಕು. ನಕಲಲ್ಲಿ ಒಂದೊಂದ್ಸಲ ತಪ್ಪಾಗುತ್ತೆ. ತಿದ್ದೋಕೆ ಕಾವಲಿದೆ. ತಿದ್ದೋಕೆ ಆಗಲಿಲ್ಲ ಅಂದ್ರೆ ಆ ಕೋಶ ತಾನೇ ಸಾಯ್ಬೇಕು ಅನ್ನೋದು ನಿಯಮ. ಆದ್ರೆ ಆ ಕಾವಲಿನ ಬರಹದಲ್ಲೇ ತಪ್ಪು ಬಿದ್ರೆ?’

‘ಬೇಲಿನೇ ಎದ್ದು ಹೊಲ ಮೇಯ್ದಂಗೆ.’

‘ಅದೇ. ಸಾಯ್ಬೇಕಾದ್ದು ಸಾಯಲ್ಲ. ಒಡೆದು ಎರಡಾಗುತ್ತೆ, ನಾಲ್ಕಾಗುತ್ತೆ, ತಪ್ಪಿನ ಮೇಲೆ ತಪ್ಪು ಸೇರ್ಕೊಳ್ಳುತ್ತೆ. ಚಪ್ಪಟೆ ಆಗೋದು ಮರೆತೇ ಹೋಗುತ್ತೆ. ಆ ದಪ್ಪ ದಪ್ಪ ಕಪ್ಪು ಚುಕ್ಕಿ ನೋಡು, ಒಂದರ ಥರ ಇನ್ನೊಂದಿಲ್ಲ.’

ಅಕ್ಕ ಬಹಳ ಹೊತ್ತು ನೋಡಿದಳು. ‘ಆ ಗುಲಾಬಿ ಸುರುಳಿ ಏನೇ? ಚೆನ್ನಾಗಿದೆ.’

‘ಅದಕ್ಕೆ ಮುತ್ತು ಅಂತೀವಿ. ಚರ್ಮದ ಮೇಲ್ಗಡೆ ಆಗ್ಬೇಕಾದ ಗಟ್ಟಿ ಪದರ ಮಾಂಸದ ಒಳಗೆ ಹೋಗಿ ಸುತ್ಕೊಂಡಿದೆ.’

‘ಮುತ್ತಂತೆ! ಹೆಸರಿಟ್ಟವನ ಬಾಯಿಗೆ ಮಣ್ಣು ಹಾಕ.’

ತಳದ ಪೊರೆ ಹರಿದ ಜಾಗಕ್ಕೆ ಪಟ್ಟಿಯನ್ನು ಸರಿಸಿದೆ. ಒಳ್ಳೆಯ ಕೋಶಗಳು ಅಕ್ಕಪಕ್ಕದವರ ಕೈ ಹಿಡಿದುಕೊಂಡಿರುತ್ತವೆ, ಇವು ಮೊದಲು ಆ ಕೈಯನ್ನು ಬಿಡುತ್ತವೆ ಎಂದು ಹೇಳಿದೆ. ಆಮೇಲೆ ಪೊರೆಯನ್ನು ಕರಗಿಸುವ ರಸವನ್ನು ಸುರಿಸುತ್ತವೆ. ಒಂದು ಕಿಂಡಿಯಾದರೆ ಸಾಕು, ನಾಲ್ಕು ನಾಲ್ಕಾಗಿ ಇಳಿಯುತ್ತವೆ. ಅಲ್ಲಿ ನೂಲು ನೇಯುತ್ತಾ ತಮ್ಮ ಪಾಡಿಗೆ ಇದ್ದ ಕೋಶಗಳನ್ನೂ ಪುಸಲಾಯಿಸಿ ತಮ್ಮ ಕೆಲಸಕ್ಕೆ ಹಚ್ಚಿಕೊಳ್ಳುತ್ತವೆ. ಹಸಿವಾದರೆ ಹೊಸ ರಕ್ತನಾಳಗಳನ್ನು ಕರೆಯುತ್ತವೆ, ಅವು ಬರುತ್ತವೆ.

‘ನನ್ನ ರಕ್ತ!’ ಅಕ್ಕ ಮೇಜು ಗುದ್ದಿದಳು. ‘ನನ್ನ ರಕ್ತ ಕುಡಿದು ನನ್ನನ್ನೇ ತಿಂತಾವಾ? ಉಂಡ ಮನೆಗೆ ಎರಡು ಬಗೆಯೋ ಜಾತಿ! ನೀವೆಲ್ಲ ಕಾವಲು ಕಾವಲು ಅಂತೀರಲ್ಲ, ಆ ಬಿಳಿ ರಕ್ತಕಣ ಎಲ್ಲಿ ಸತ್ತವು?’

‘ಅಗೋ, ಅಂಚಲ್ಲಿ ಗುಂಪಾಗಿರೋ ಸಣ್ಣ ಚುಕ್ಕಿಗಳು. ಬಂದಿವೆ. ಆದ್ರೆ ಇವು ನಾವು ನಿಮ್ಮವರೇ ಅಂತ ಗುರುತು ತೋರಿಸ್ತವೆ, ಅವು ಸುಮ್ಮನೆ ನಿಂತ್ಬಿಡ್ತವೆ.’

‘ಥೂ,’ ಅಂದಳು.

ನರದ ಸುತ್ತ ಕೋಶಗಳು ಹಬ್ಬಿದ್ದನ್ನೂ ತೋರಿಸಿದೆ. ನಾಲಿಗೆಯ ಸಂದೇಶ, ಕಿವಿಯ ಸಂದೇಶ ಎರಡೂ ಒಂದೇ ನರದ ಹಾದಿಯಲ್ಲಿ ಮೇಲೆ ಹೋಗುವುದರಿಂದ ನೋವು ಎಲ್ಲಿಂದ ಬಂತೆಂದು ಮಿದುಳಿಗೆ ತಿಳಿಯುವುದಿಲ್ಲ. ಅವಳು ಹದಿನೈದು ದಿನ ಡ್ರಾಪ್ಸ್ ಹಾಕಿದ್ದು ಸರಿಯಾದ ಕಿವಿಗೇ, ಆದರೆ ತಪ್ಪು ಜಾಗಕ್ಕೆ.

‘ಮುಂದೆ ಎಲ್ಲಿಗೆ ಹೋಗ್ತವೆ?’

‘ಕತ್ತಿಗೆ. ಮಾಂಸದೊಳಗೆ ನೀರಿನಂಥ ರಸ ಹರಿಯೋ ಸಣ್ಣ ನಾಳಗಳಿವೆ, ಅವು ಕತ್ತಿನ ಗಂಟುಗಳಿಗೆ ಸೇರ್ತವೆ. ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟು ಭಯ. ಒಂದೊಂದು ಮಿಲಿಮೀಟರೂ ಲೆಕ್ಕಕ್ಕೆ ಬರುತ್ತೆ.’

‘ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ,’ ಅಂದಳು ಅಕ್ಕ. ಕತ್ತನ್ನು ಮುಟ್ಟಿ ನೋಡಿಕೊಂಡಳು. ‘ಮೊದಲನೇ ವರದಿಯಲ್ಲಿ ಇದು ಇರಲಿಲ್ವಾ?’

ನಿಲ್ಲಿಸುವುದು, ಮಲಗಿಸುವುದು ಎಲ್ಲ ವಿವರಿಸಿದೆ. ಅವಳು ಸೂಕ್ಷ್ಮದರ್ಶಕದಿಂದ ತಲೆ ಎತ್ತಿ ನನ್ನನ್ನೇ ನೋಡುತ್ತಾ ಕೇಳಿದಳು. ಕೋರ್ಟಿನಲ್ಲಿ ಮೂವತ್ತು ವರ್ಷ ನಿಂತವಳು. ಅರ್ಥವಾಗಲು ಒಂದು ನಿಮಿಷವೂ ಹಿಡಿಯಲಿಲ್ಲ.

‘ಅಂದ್ರೆ ಆಸಾಮಿ ಹೆಸರನ್ನ ಕೂಗಲೇ ಇಲ್ಲ. ಕೂಗದೇ ಗೈರುಹಾಜರು ಅಂತ ಬರೆದ್ರು.’

‘ಹ್ಞೂಂ.’

‘ನಾನು ಹಾಗೆ ಮಾಡಿದ್ರೆ ಅವತ್ತೇ ಮನೆಗೆ ಕಳಿಸ್ತಾರೆ. ಯಾರು ಮಲಗಿಸಿದ್ದು?’

ಆಗ ಹೇಳಿದೆ. ಹೇಳದೆ ಇರಲು ಆಗಲಿಲ್ಲ. ಮೇಣದಣ್ಣನ ಕಣ್ಣು ಮಸುಕಾಗಿ ಎರಡು ವರ್ಷವಾಗಿತ್ತು. ಚರ್ಮದ ಕಡೆ ಯಾವುದು, ಮಾಂಸದ ಕಡೆ ಯಾವುದು ಅಂತ ಅವರಿಗೆ ಕಾಣುತ್ತಿರಲಿಲ್ಲ. ವಾರಕ್ಕೆ ಒಂದೆರಡು ಬಾಯಿಯ ಚೂರು ಮಲಗಿಕೊಂಡೇ ನನ್ನ ಯಂತ್ರಕ್ಕೆ ಬರುತ್ತಿದ್ದವು. ಮೊದಲ ಕೊಯ್ತದಲ್ಲೇ ನನಗೆ ಗೊತ್ತಾಗುತ್ತಿತ್ತು. ಯಾರಿಗೂ ಹೇಳದೆ ಕರಗಿಸಿ, ತಿರುಗಿಸಿ, ನಿಲ್ಲಿಸಿ ಕೊಯ್ಯುತ್ತಿದ್ದೆ. ಕಲಿಸಿದ ಗುರು, ನಿವೃತ್ತಿ ಹತ್ತಿರದಲ್ಲಿದೆ, ಮರ್ಯಾದೆಯಿಂದ ಹೋಗಲಿ ಅಂತ. ಎರಡು ವರ್ಷದಲ್ಲಿ ನನ್ನ ಕೈಗೆ ಬಂದ ಒಂದೂ ಚೂರು ತಪ್ಪಾಗಿ ಹೋಗಲಿಲ್ಲ. ಅಕ್ಕನದು ನನ್ನ ಕೈಗೆ ಬರಲಿಲ್ಲ.

ಅವಳು ಬಯ್ಯುತ್ತಾಳೆ ಅಂದುಕೊಂಡೆ. ಅಕ್ಕ ದನಿ ತಗ್ಗಿಸಿದಳು, ಅದು ಅವಳ ಬೈಗುಳಕ್ಕಿಂತ ಕೆಟ್ಟದು.

‘ನಿನಗೆ ಜ್ವರ ಬಂದಿದ್ದ ದಿನ? ಮಗಳ ಮದುವೆಗೆ ರಜ ಹಾಕಿದ್ದೆಯಲ್ಲ, ಹನ್ನೆರಡು ದಿನ? ಆವಾಗ ಯಾರು ತಿರುಗಿಸ್ತಿದ್ರು?’

ನಾನು ಗಾಜಿನ ಪಟ್ಟಿಯನ್ನು ತೆಗೆದು ಡಬ್ಬಿಯೊಳಗಿಟ್ಟೆ.

‘ಊರಿಗೆಲ್ಲ ಖಾರ ಹಚ್ಚೋಳು ನೀನು. ನಿಜವಾಗಿ ಬಾಯಿ ಬಿಡಬೇಕಾದ ಒಂದು ಕಡೆ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ನನ್ನ ನಾಲಿಗೆ ಹೋಗುತ್ತೆ, ಹೋಗ್ಲಿ. ನಿನಗೆ ಇದೆಯಲ್ಲ, ಇನ್ನೂ ಯಾಕೆ ಇಟ್ಕೊಂಡು ಕೂತಿದ್ದೀಯ? ಎದ್ದು ಹೋಗಿ ಹೇಳು.’

ಎದ್ದು ಹೋಗಿ ಹೇಳಿದೆ. ಡಾಕ್ಟರು ತಮ್ಮ ಕೋಣೆಗೆ ಮೇಣದಣ್ಣನನ್ನೂ ಕರೆಸಿದರು. ಎರಡು ವರ್ಷದ ಕಥೆಯನ್ನು ಅವರ ಎದುರಿಗೇ ಹೇಳಬೇಕಾಯಿತು. ಅವರು ಜಗಳ ಮಾಡಲಿ, ಇಲ್ಲ ಅನ್ನಲಿ ಎಂದು ಕಾಯುತ್ತಿದ್ದೆ, ನನಗೂ ಸಿಟ್ಟು ತೀರಿಸಿಕೊಳ್ಳಲು ಒಬ್ಬರು ಬೇಕಿತ್ತು. ಅವರು ಕೈಯಲ್ಲಿದ್ದ ಚಿಮಟವನ್ನು ಜೇಬಿಗೆ ಹಾಕಿಕೊಂಡು ನನ್ನ ಕಡೆ ತಿರುಗಿದರು.

‘ನೀನು ತಿರುಗಿಸ್ತಿದ್ದೆಯಾ?’ ಅಂದರು. ‘ನಂಗೆ ಅನುಮಾನ ಇತ್ತಮ್ಮ. ಕಣ್ಣು ಮಂಜಾಗಿದೆ, ಸರಿಯಾಗಿ ಇಡ್ತಿದ್ದೀನೋ ಇಲ್ವೋ ಅಂತ ದಿನಾ ಭಯ ಪಡ್ತಿದ್ದೆ. ಒಂದೂ ವಾಪಸ್ ಬರ್ತಿರಲಿಲ್ಲವಲ್ಲ. ವಾಪಸ್ ಬರಲಿಲ್ಲ ಅಂದ್ರೆ ಸರಿ ಇದೆ ಅಂತ ಅಂದ್ಕೊಂಡೆ. ಒಂದು ಮಾತು ಹೇಳಿದ್ರೆ ಅವತ್ತೇ ಮೇಣ ಬಿಟ್ಟು ಏಳ್ತಿದ್ದೆ.’

ಕೆನ್ನೆಗೆ ಬಾರಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ದೊಡ್ಡ ಮನಸ್ಸು ಮಾಡಿ ಮುಚ್ಚಿಟ್ಟೆ ಅಂದುಕೊಂಡಿದ್ದ ನಾನು ಅವರ ತಪ್ಪನ್ನು ಅವರಿಂದಲೇ ಮುಚ್ಚಿಟ್ಟಿದ್ದೆ.

ಆ ಎರಡು ವರ್ಷದ ನನ್ನ ರಜೆಯ ದಿನಗಳ ಬಾಯಿಯ ಚೂರುಗಳನ್ನೆಲ್ಲ ತೆಗೆಸಿದೆವು. ಮಲಗಿಸಿದ್ದು ಹನ್ನೊಂದು ಸಿಕ್ಕವು. ಒಂದೊಂದನ್ನೇ ಕರಗಿಸಿ ನಿಲ್ಲಿಸಿದೆ. ಮೇಣದಣ್ಣ ಪಕ್ಕದಲ್ಲಿ ನಿಂತು, ಮುಟ್ಟದೆ, ‘ನಿಧಾನ, ಮೇಣ ಇನ್ನೂ ಬಿಸಿ ಇದೆ’ ಎನ್ನುತ್ತಿದ್ದರು. ಹತ್ತರಲ್ಲಿ ಪೊರೆ ಗಟ್ಟಿಯಾಗಿತ್ತು. ಹನ್ನೊಂದನೆಯದರಲ್ಲಿ ಹರಿದಿತ್ತು. ಮೂವತ್ತೆಂಟು ವರ್ಷದ ಗಂಡಸು, ಕ್ಯಾಂಟೀನಿನಲ್ಲಿ ಅಡುಗೆಯವರು ಎಂದು ಚೀಟಿಯಲ್ಲಿತ್ತು. ನಾಲ್ಕು ತಿಂಗಳ ಹಿಂದಿನ ವರದಿ. ಕಂಡುಬಂದಿಲ್ಲ.

ಡಾಕ್ಟರು ಮೇಲಿನವರಿಗೆ ಬರೆದರು. ಮೇಲಿನವರು ಸಮಿತಿ ಮಾಡಿದರು. ಸಮಿತಿ ಸೋಮವಾರ ಕೂರುತ್ತದಂತೆ, ಅಲ್ಲಿಯವರೆಗೆ ರೋಗಿಗೆ ಯಾರೂ ಏನೂ ಹೇಳಬಾರದಂತೆ, ಕಾನೂನಿನ ತೊಡಕಾಗುತ್ತದಂತೆ. ನಮ್ಮ ತೊಡಕು ಬಿಡಿಸಿಕೊಳ್ಳುವವರೆಗೆ ಅವರ ಕೋಶಗಳು ಒಡೆಯುವುದನ್ನು ನಿಲ್ಲಿಸಿ ಕೈಕಟ್ಟಿ ಕೂತಿರುತ್ತವೆಯೇ? ಡಾಕ್ಟರ ಮೇಜಿನ ಮುಂದೆ ನಿಂತು ಇದನ್ನೇ ಕೇಳಿದೆ. ‘ನನ್ನ ಕೈಯಲ್ಲಿ ಏನಿದೆ?’ ಅಂದರು. ನಿಮ್ಮ ಕೈಯಲ್ಲಿ ಫೋನಿದೆ ಸಾರ್, ಅಂದೆ. ಅವರು ಕನ್ನಡಕ ಒರೆಸಿಕೊಂಡರು.

ಅಷ್ಟರಲ್ಲಿ ಅಕ್ಕನ ಆಪರೇಷನ್ ಆಗಿತ್ತು. ನಾಲಿಗೆಯ ಎಡಗಡೆಯನ್ನು ತೆಗೆದಿದ್ದರು, ಕತ್ತಿನ ಗಂಟುಗಳನ್ನೂ ತೆಗೆದಿದ್ದರು. ಇಪ್ಪತ್ತೆರಡು ಗಂಟುಗಳಲ್ಲಿ ಒಂದರೊಳಗೆ ಕೋಶಗಳು ಸೇರಿಕೊಂಡಿದ್ದವು. ಕಾಯುತ್ತಾ ಕೂತ ಆ ಆರು ವಾರದಲ್ಲಿ ಸೇರಿದ್ದೋ, ಮೊದಲೇ ಸೇರಿದ್ದೋ, ಅದನ್ನು ಯಾವ ಸೂಕ್ಷ್ಮದರ್ಶಕವೂ ಹೇಳುವುದಿಲ್ಲ. ವಿಕಿರಣ ಚಿಕಿತ್ಸೆ ಬೇಕು ಎಂದಿದ್ದಾರೆ. ಬದುಕುತ್ತಾಳೆ ಎಂದಿದ್ದಾರೆ. ಮಾತು ಬರುತ್ತದೆ, ಕೂಗು ಬರುವುದಿಲ್ಲ ಎಂದೂ ಹೇಳಿದ್ದಾರೆ.

ಶುಕ್ರವಾರ ಮಧ್ಯಾಹ್ನ ವಾರ್ಡಿಗೆ ಹೋದೆ. ಮೂಗಿನಲ್ಲಿ ನಳಿಗೆ, ಕತ್ತಿನಲ್ಲಿ ಹೊಲಿಗೆ, ಮುಖ ಊದಿಕೊಂಡಿತ್ತು. ಭಾವ ಅವಳ ಕಾಲ ಬಳಿ ಕೂತು ಸೊಳ್ಳೆಯಿಲ್ಲದಿದ್ದರೂ ಸೊಳ್ಳೆ ಓಡಿಸುತ್ತಿದ್ದರು. ಅಕ್ಕ ನೋಟ್‌ಬುಕ್ ಎಳೆದುಕೊಂಡು ಬರೆದಳು: ‘ಎಷ್ಟು ಜನ?’

‘ಹನ್ನೊಂದು. ಹತ್ತು ಜನ ಪಾರು. ಒಬ್ಬರಿಗೆ ಇದೆ.’

‘ಹೇಳಿದ್ರಾ?’

‘ಸೋಮವಾರ ಸಮಿತಿ ಅಂತೆ. ಅಲ್ಲಿವರೆಗೆ ಹೇಳಬಾರ್ದಂತೆ. ಹೇಳಿದ್ರೆ ನನ್ನ ಕೆಲಸ ಹೋಗಬಹುದು.’

ಅವಳು ಬರೆಯಲಿಲ್ಲ. ಪೆನ್ನು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಬೈಯಲು ಬಾಯಿಲ್ಲದ ನನ್ನ ಅಕ್ಕನ ಕಣ್ಣಿನಿಂದ ನೀರು ಇಳಿದು ಹೊಲಿಗೆಯ ಹತ್ತಿರ ಹೋಯಿತು. ಭಾವ ಟವೆಲ್ಲಿನ ತುದಿಯಿಂದ ಒರೆಸಿದರು. ಆಮೇಲೆ ಆ ಮೌನಿ, ನನ್ನ ಮುಖ ನೋಡದೆಯೇ, ‘ನಂಬರ್ ಇದೆಯಾ?’ ಎಂದು ಕೇಳಿದರು.

ಇತ್ತು. ಬೆಳಿಗ್ಗೆಯೇ ಚೀಟಿಯಿಂದ ಬರೆದುಕೊಂಡಿದ್ದೆ. ಬರೆದುಕೊಂಡು ಅರ್ಧ ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೆ, ನನ್ನ ಹಣೆಬರಹಕ್ಕಿಷ್ಟು.

ಅಲ್ಲಿಂದಲೇ, ಅವಳ ಮಂಚದ ಪಕ್ಕದಿಂದಲೇ ಫೋನ್ ಮಾಡಿದೆ. ಆ ಕಡೆ ಪಾತ್ರೆಗಳ ಸದ್ದು, ಯಾರೋ ಈರುಳ್ಳಿ ತಾ ಎಂದು ಕೂಗುತ್ತಿದ್ದರು. ಆಸ್ಪತ್ರೆಯ ಲ್ಯಾಬಿನಿಂದ ಅಂದೆ.

‘ಓ, ಹೇಳಿ ಮೇಡಂ!’ ಅಂದರು ನಗುತ್ತಾ. ‘ನಂದು ಏನೂ ಇಲ್ಲ ಅಂತ ಬಂತಲ್ಲ. ಅದೊಂದು ಹುಣ್ಣು ಮಾತ್ರ ಇನ್ನೂ ಹಂಗೇ ಇದೆ ನೋಡಿ.’

‘ಒಂದು ನಿಮಿಷ ಎಲ್ಲಾದ್ರೂ ಕೂತ್ಕೊಳ್ಳಿ,’ ಅಂದೆ. ‘ನಿಮ್ಮ ಚೂರನ್ನ ನಾವು ತಪ್ಪಾಗಿ ಇಟ್ಟು ಕೊಯ್ದಿದ್ವಿ. ಹಾಗಾಗ್ತಿದೆ ಅಂತ ನನಗೆ ಗೊತ್ತಿತ್ತು, ಎರಡು ವರ್ಷದಿಂದ ಗೊತ್ತಿತ್ತು, ನಾನು ಯಾರಿಗೂ ಹೇಳಿರಲಿಲ್ಲ. ಈಗ ಸರಿಯಾಗಿ ಕೊಯ್ದು ನೋಡಿದ್ದೀವಿ.’

ಬಾಗಿಲು ಎಳೆದುಕೊಂಡ ಸದ್ದಾಯಿತು, ಪಾತ್ರೆಗಳ ಗಲಾಟೆ ಹಿಂದೆ ಉಳಿಯಿತು.

‘ಕೂತಿದ್ದೀನಿ,’ ಅಂದರು. ‘ಹೇಳಿ.’

ಹೇಳಿದೆ.